ಮಂಜಿನ ಮೇಲಿನ ಜಮೈಕಾ, ನಮ್ಮ ಪಿಟಿ ಪಿರಿಯಡ್, ಮತ್ತು ಐದನೇ ಓಟಗಾರ್ತಿ

ನಾನು ಸೇಡಂ ಕಡೆಯ ಒಂದು ಪ್ರೌಢಶಾಲೆಯಲ್ಲಿ ಪಿಟಿ ಮಾಸ್ತರ್. ಮಾರ್ಚ್ ಬಂತೆಂದರೆ ಹತ್ತು ಗಂಟೆ ಮೇಲೆ ಮಕ್ಕಳನ್ನು ಮೈದಾನಕ್ಕೆ ಇಳಿಸೋಕೆ ಆಗಲ್ಲ. ಕಲಬುರಗಿ ಬಿಸಿಲಿನ ಬಗ್ಗೆ ಹೊಸದಾಗಿ ಏನು ಹೇಳೋದು? ಹಾಗಾಗಿ ಆ ದಿನಗಳಲ್ಲಿ ಪಿಟಿ ಪಿರಿಯಡ್ಡು ಸ್ಮಾರ್ಟ್ ಕ್ಲಾಸ್ ರೂಮಿನಲ್ಲಿ ನಡೆಯುತ್ತದೆ, ಆಟದ ಸಿನಿಮಾ ಹಾಕುತ್ತೇನೆ. ಅದರಲ್ಲಿ ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು 1993ರ 'ಕೂಲ್ ರನ್ನಿಂಗ್ಸ್'. ಮಂಜನ್ನೇ ಕಾಣದ ಜಮೈಕಾದ ನಾಲ್ವರು ಹುಡುಗರು ಬಾಬ್‌ಸ್ಲೆಡ್ (ಮಂಜುಗಡ್ಡೆಯ ಇಳಿಜಾರು ಹಾದಿಯಲ್ಲಿ ಜಾರುವ ಗಾಡಿ) ಓಡಿಸೋಕೆ ಚಳಿಗಾಲದ ಒಲಿಂಪಿಕ್ಸ್‌ಗೆ ಹೋಗುವ ಕಥೆ. ಇಂಗ್ಲಿಷ್ ಮಾತು ಅರ್ಥ ಆಗದ ಕಡೆ ನಿಲ್ಲಿಸಿ ಹೇಳುತ್ತೇನೆ. ಬೀಳೋದು, ಏಳೋದು, ಚಳಿಗೆ ನಡುಗೋದು ಯಾವ ಭಾಷೆಯಲ್ಲಾದರೂ ನಗು ತರಿಸುತ್ತದೆ.

ಮುಗಿದ ಕೂಡಲೇ ಪ್ರಶ್ನೆ: 'ಸರ್, ಇದು ಖರೇನಾ?'

ಹೂಂ ಅಂದುಬಿಟ್ಟರೆ ಕೆಲಸ ಮುಗೀತು. ಆದರೆ ನಾನು ಆಟ ಕಲಿಸೋನು. ನಿಜಕ್ಕೂ ನಡೆದದ್ದರಲ್ಲಿ ನನಗೆ ಬೇಕಾದ ಸರಕು ಸಿನಿಮಾಕ್ಕಿಂತ ಜಾಸ್ತಿ ಇದೆ. ಅದಕ್ಕೆ ಬೋರ್ಡಿನ ನಡುವೆ ಒಂದು ಗೆರೆ ಎಳೆದು, ಒಂದು ಕಡೆ ಖರೆ, ಇನ್ನೊಂದು ಕಡೆ ಸಿನಿಮಾ ಅಂತ ಬರೆಯುತ್ತೇನೆ.

ಖರೆ ಕಡೆಗೆ ಬರೋದು ಇವು. 1988ರಲ್ಲಿ ಕೆನಡಾದ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಜಮೈಕಾ ತಂಡ ಇತ್ತು. ಐಡಿಯಾ ಬಂದದ್ದು ಜಾರ್ಜ್ ಫಿಚ್, ವಿಲಿಯಂ ಮಲೋನಿ ಅನ್ನೋ ಇಬ್ಬರು ಅಮೆರಿಕನ್ನರಿಗೆ. ಜಮೈಕಾದಲ್ಲಿ ತಳ್ಳುಗಾಡಿಗಳನ್ನು ಇಳಿಜಾರಿನಲ್ಲಿ ಬಿಟ್ಟು ರೇಸ್ ಆಡ್ತಾರೆ, ನಮ್ಮ ಹುಡುಗರ ಬೇರಿಂಗ್ ಗಾಡಿ ಇದೆಯಲ್ಲ, ಆ ಥರ. ಅದನ್ನು ನೋಡಿ ಇವರಿಗೆ ಬಾಬ್‌ಸ್ಲೆಡ್ ನೆನಪಾಯಿತು. ಒಳ್ಳೆಯ ಓಟಗಾರರು ಈ ಹುಚ್ಚಾಟಕ್ಕೆ ಬರಲಿಲ್ಲ. ಕೊನೆಗೆ ಸೈನ್ಯದಲ್ಲಿ ಹುಡುಕಿದರು. ಡೆವನ್ ಹ್ಯಾರಿಸ್ ಸೈನ್ಯದ ಅಧಿಕಾರಿ. ಡಡ್ಲಿ ಸ್ಟೋಕ್ಸ್ ಹೆಲಿಕಾಪ್ಟರ್ ಪೈಲಟ್, ಸ್ಲೆಡ್ ನಡೆಸಿದ್ದು ಅವನೇ. ಮೈಕಲ್ ವೈಟ್ ಕೂಡ ಸೈನಿಕ. ಆಯ್ಕೆ ನಡೆದದ್ದು 1987ರ ಸೆಪ್ಟೆಂಬರ್ ಸುಮಾರಿಗೆ, ಒಲಿಂಪಿಕ್ಸ್ ಫೆಬ್ರವರಿಯಲ್ಲಿ. ತಯಾರಿಗೆ ಸಿಕ್ಕಿದ್ದು ಅಷ್ಟೇ.

ಸಿನಿಮಾ ಕಡೆಗೆ ಪಟ್ಟಿ ಉದ್ದ. ಆಯ್ಕೆ ಓಟದಲ್ಲಿ ಒಬ್ಬ ಎಡವಿ ಇನ್ನಿಬ್ಬರನ್ನೂ ಬೀಳಿಸೋದು ಕಟ್ಟುಕಥೆ. ಹಿಂದೆ ಮೋಸ ಮಾಡಿ ಪದಕ ಕಳೆದುಕೊಂಡ ದಪ್ಪ ಕೋಚ್, ಜಾನ್ ಕ್ಯಾಂಡಿ ಮಾಡಿದ ಪಾತ್ರ, ಅದೂ ಕಟ್ಟಿದ್ದೇ. ನಿಜವಾದ ಕೋಚ್‌ಗಳಲ್ಲಿ ಹೋವರ್ಡ್ ಸೈಲರ್ ಅನ್ನೋರು ಅಮೆರಿಕದ ಪರ ಒಲಿಂಪಿಕ್ಸ್ ಆಡಿದ ಬಾಬ್‌ಸ್ಲೆಡ್ ಆಟಗಾರ. ಅವರ ಹೆಸರಿಗೆ ಅಂಥ ಕಳಂಕ ಇಲ್ಲ. ನಾಲ್ವರು ನಾಯಕರ ಹೆಸರುಗಳೂ ಕಲ್ಪನೆಯವು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕಂದರೆ ಮಕ್ಕಳಿಗೆ ಸಿನಿಮಾದ ವಿಲನ್‌ಗಳು ಚೆನ್ನಾಗಿ ನೆನಪಿರುತ್ತಾರೆ. ಬೇರೆ ದೇಶದ ಆಟಗಾರರು ಹೀಯಾಳಿಸೋದು, ಅಧಿಕಾರಿಗಳು ಅಡ್ಡಗಾಲು ಹಾಕೋದು. ನಿಜದಲ್ಲಿ ಬೇರೆ ತಂಡದವರು ಸಹಾಯ ಮಾಡಿದರು, ಸ್ಲೆಡ್ ಕೂಡ ಕೊಟ್ಟರು. ಜನರಿಗೂ ಇವರನ್ನು ಕಂಡರೆ ಖುಷಿ, ಟೀ ಶರ್ಟ್ ಮಾರಿ ದುಡ್ಡು ಕೂಡಿಸಿದರು. ಕಷ್ಟ ಇದ್ದದ್ದು ದುಡ್ಡಿಂದು ಮತ್ತು ಅಭ್ಯಾಸದ್ದು. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ಎದುರು ಶಾಲೆಯವರನ್ನು ವೈರಿಗಳ ಹಾಗೆ ನೋಡುವ ಹುಡುಗರಿಗೆ ನಾನು ಈ ಭಾಗವನ್ನೇ ಎರಡು ಸಲ ಹೇಳುತ್ತೇನೆ. ಪೂರ್ತಿ ನಂಬಲ್ಲ ಅವರು.

ಕೊನೆಯ ಅಪಘಾತ ಖರೆ. ನಾಲ್ವರ ಸ್ಪರ್ಧೆಯ ಮೂರನೇ ಓಟದಲ್ಲಿ, ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ಸ್ಲೆಡ್ ಮಗುಚಿತು, ಹೆಲ್ಮೆಟ್ಟುಗಳು ಮಂಜಿನ ಗೋಡೆಗೆ ಉಜ್ಜಿಕೊಂಡೇ ಹೋದವು. ಆಗ ಟಿವಿಯಲ್ಲಿ ಬಂದ ಅಸಲಿ ದೃಶ್ಯದ ತುಣುಕುಗಳನ್ನೇ ಸಿನಿಮಾದಲ್ಲಿ ಹಾಕಿದ್ದಾರೆ. ಆದರೆ ಸ್ಲೆಡ್ಡನ್ನು ಹೆಗಲ ಮೇಲೆ ಹೊತ್ತು ಗೆರೆ ದಾಟಿದ್ದು ಸಿನಿಮಾ. ನಿಜದಲ್ಲಿ ಅದರ ಪಕ್ಕ ನಡೆದುಕೊಂಡು ಹೋದರು, ಜನ ಚಪ್ಪಾಳೆ ಹೊಡೆದರು. ಸಿನಿಮಾದಲ್ಲಿ ಗಾಡಿಯ ಭಾಗ ಸಡಿಲವಾಗಿ ಬೀಳುತ್ತಾರೆ. ಅಸಲಿಗೆ ಅಲ್ಲಿ ಅನುಭವ ಸಾಲಲಿಲ್ಲ. ಆದರೆ ಅದೇ ಡಡ್ಲಿ ಮತ್ತು ವೈಟ್ ಇಬ್ಬರ ಸ್ಪರ್ಧೆಯಲ್ಲಿ 30ನೇ ಸ್ಥಾನ ಪಡೆದಿದ್ದರು. ಸಿನಿಮಾ ಆ ಸ್ಪರ್ಧೆಯ ಸುದ್ದಿಯನ್ನೇ ಎತ್ತಲ್ಲ! 1994ರ ನಾರ್ವೆಯ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಂತೂ ನಾಲ್ವರ ತಂಡ 14ನೇ ಸ್ಥಾನ, ಅಮೆರಿಕದವರೂ ಇವರ ಹಿಂದೆ.

ನನಗೆ ಜಾಸ್ತಿ ಇಷ್ಟವಾದದ್ದು ಸಿನಿಮಾದಲ್ಲಿ ಇಲ್ಲವೇ ಇಲ್ಲ. ನಾಲ್ಕನೆಯ ಆಟಗಾರನಿಗೆ ಪೆಟ್ಟಾದಾಗ ಅವನ ಜಾಗಕ್ಕೆ ಬಂದದ್ದು ಡಡ್ಲಿಯ ತಮ್ಮ ಕ್ರಿಸ್ ಸ್ಟೋಕ್ಸ್. ಅವನು ಅಮೆರಿಕದಲ್ಲಿ ಓದುತ್ತಿದ್ದ ಓಟಗಾರ, ಅಣ್ಣನ ಆಟ ನೋಡೋಕೆ ಸುಮ್ನೆ ಕ್ಯಾಲ್ಗರಿಗೆ ಬಂದಿದ್ದ. ಅದಕ್ಕೂ ಮೊದಲು ಬಾಬ್‌ಸ್ಲೆಡ್ ಆಡಿದವನಲ್ಲ. ಕೆಲವೇ ದಿನ ಕಲಿತು ಒಲಿಂಪಿಕ್ಸ್‌ನಲ್ಲಿ ಕೂತ. ಕಥೆಗಾರ ಇದನ್ನು ಬರೆದಿದ್ದರೆ ಅತಿಯಾಯ್ತು ಅಂತಿದ್ದೆವು, ಅಲ್ವಾ? ಆದರೆ ಬಾಬ್‌ಸ್ಲೆಡ್‌ನಲ್ಲಿ ಮೊದಲು ಗಾಡಿ ತಳ್ಳಿ ಓಡಿ ಹಾರಿ ಕೂರಬೇಕು, ಅಲ್ಲಿ ಓಟಗಾರನ ಕಾಲು ಕೆಲಸಕ್ಕೆ ಬರುತ್ತದೆ. ಅದು ಅವನ ಹತ್ತಿರ ಮೊದಲೇ ಇತ್ತು.

ಇದನ್ನು ಓದಿದ ಮೇಲೆ ನಮ್ಮ ರಿಲೇ ತಂಡದ ಅಭ್ಯಾಸ ಬದಲಿಸಿದೆ. ಮೊದಲು ಐದನೇ ಹುಡುಗಿ ಹೆಸರಿಗಷ್ಟೇ ಇರುತ್ತಿದ್ದಳು, ನೀರಿನ ಬಾಟಲಿ, ಚಪ್ಪಲಿ ಕಾಯೋದು ಅವಳ ಕೆಲಸ. ಎಲ್ಲಾ ಶಾಲೆಯಲ್ಲೂ ಹೀಗೇ ಇರುತ್ತದೆ. ಈಗ ವಾರಕ್ಕೊಮ್ಮೆ ನಾಲ್ವರಲ್ಲಿ ಒಬ್ಬಳನ್ನು ಕೂರಿಸಿ ಅವಳನ್ನು ಆ ಜಾಗದಲ್ಲಿ ಓಡಿಸುತ್ತೇನೆ, ಪ್ರತಿಸಲ ಬೇರೆ ಜಾಗ. ಕೂತವಳು ಮುಖ ಊದಿಸಿಕೊಳ್ಳುತ್ತಾಳೆ, ಮನೆಯವರಿಂದ ಫೋನೂ ಬರುತ್ತದೆ, 'ನಮ್ಮ ಹುಡುಗೀನ ಯಾಕ್ ಕೂಡ್ಸೀರಿ ಸರ್' ಅಂತ. ಕ್ರಿಸ್ ಸ್ಟೋಕ್ಸ್ ಕಥೆ ಅವರಿಗೂ ಹೇಳಿದ್ದೇನೆ, ಒಬ್ಬರು ಕೇಳಿ ನಕ್ಕರು, ಇನ್ನೊಬ್ಬರು ನಗಲಿಲ್ಲ.

ಈ ಸಲದ ಐದನೆಯವಳು ಎಡಗೈಯವಳು. ಎರಡನೇ ಜಾಗದಲ್ಲಿ ಓಡಿದರೆ ಬ್ಯಾಟನ್ ಸರಿಯಾಗಿ ಕೈಗೆ ಬರುತ್ತದೆ, ಮೂರನೆಯದರಲ್ಲಿ ತಿರುವಿನಲ್ಲಿ ತಕರಾರು. ಜೂನ್‌ನಲ್ಲಿ ಮೈದಾನಕ್ಕೆ ಇಳಿದ ಮೇಲೆ ಮೊದಲು ಅದನ್ನೇ ಹಿಡಿಯಬೇಕು.