ಆಕೀನ್ನ ಯಾರರೆ ಕೇಳಿದ್ರೇನು?

ಮೊನ್ನೆ ಬುಧವಾರ ರಾತ್ರಿ ‘ಅಗ್ನಿ ಮತ್ತು ಮಳೆ’ ಓದಿ ಮುಗಿಸಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅದೇ ಪ್ರಶ್ನೆ. “ಆಕೀನ್ನ ಯಾರರೆ ಕೇಳಿದ್ರೇನು?”

ಒಂದು ತಿಂಗಳಿಂದ ಈ ಪ್ರಶ್ನೆ ನಮ್ಮನೆಯಲ್ಲಿದೆ. ಅವ್ವನ ಕಣ್ಣಿನ ಪೊರೆ ತೆಗೆಸಿದ ಮೇಲೆ, ಹೊಸ ಚಸ್ಮಾ ಬರುವವರೆಗೂ ಗಿರೀಶ ಕಾರ್ನಾಡರ ನಾಟಕಗಳನ್ನು ಬರೆದ ಕ್ರಮದಲ್ಲೇ ಓದಿ ಹೇಳೋಣ ಅಂತ ಶುರು ಮಾಡಿದೆ. ಧಾರವಾಡದವರಿಗೆ ಕಾರ್ನಾಡರೆಂದರೆ ಮನೆಯವರೇ. ಆ ಪುಸ್ತಕಗಳನ್ನು ತಂದದ್ದೂ ನಮ್ಮೂರಿನ ಮನೋಹರ ಗ್ರಂಥಮಾಲೆಯೇ ಅಲ್ವಾ? ಅಣ್ಣ ಬೆಂಗಳೂರಿನಿಂದ ಫೋನ್ ಮಾಡಿದಾಗ, “ಎಲ್ಲಾ ಯಾಕ ಓದ್ತೀ? ತುಘಲಕ್, ಹಯವದನ ಎರಡು ಸಾಕು” ಅಂದ. ಅಣ್ಣ ಒಳ್ಳೆಯವನು. ಆದರೆ ಅವನಿಗೆ ಯಾವುದೂ ಬೇಗ ಮುಗಿಯಬೇಕು.

ಅವನ ಮಾತು ಕೇಳಿದ್ದರೆ ‘ಯಯಾತಿ’ ತಪ್ಪುತ್ತಿತ್ತು. 1961ರಲ್ಲಿ ಅಚ್ಚಾದ ನಾಟಕ. ಬರೆದದ್ದು ಆಕ್ಸ್‌ಫರ್ಡಿಗೆ ಹೊರಟಿದ್ದ ಇಪ್ಪತ್ತು ದಾಟಿದ ಹುಡುಗ. ಮಹಾಭಾರತದಲ್ಲಿ ಅಪ್ಪ ಯೌವನ ಕೇಳುತ್ತಾನೆ, ಮಗ ಪುರು ಕೊಡುತ್ತಾನೆ. ಈ ಹುಡುಗ ಅವರಿಬ್ಬರ ನಡುವೆ ಪುರುವಿನ ಹೆಂಡತಿಯನ್ನು ತಂದು ನಿಲ್ಲಿಸಿದ. ಚಿತ್ರಲೇಖೆ. ಆಗಷ್ಟೇ ಮದುವೆಯಾಗಿ ಬಂದವಳಿಗೆ ಗಂಡ ಮುದುಕನಾಗಿದ್ದಾನೆ. ಕೊನೆಗೆ ಅವಳು ವಿಷ ಕುಡಿಯುತ್ತಾಳೆ. ಅವ್ವ ಮೊದಲ ಸಲ ಆ ಪ್ರಶ್ನೆ ಕೇಳಿದ್ದು ಅವತ್ತು.

‘ಹಯವದನ’ದಲ್ಲಿ ದೇವದತ್ತನ ಮತ್ತು ಅವನ ಗೆಳೆಯ ಕಪಿಲನ ತಲೆಗಳು ಅದಲುಬದಲಾದ ಮೇಲೆ, ದೇವದತ್ತನ ತಲೆ ಇರುವವನೇ ಪದ್ಮಿನಿಯ ಗಂಡ ಅಂತ ಋಷಿ ತೀರ್ಪು ಕೊಡುತ್ತಾನೆ. ಅವ್ವನದು ಮತ್ತೆ ಅದೇ ಮಾತು. “ಪದ್ಮಿನಿಗೂ ಅದೇ ಬೇಕಾಗಿತ್ತಲ್ಲವ್ವಾ” ಅಂದೆ.

“ಬೇಕಾಗೂದು ಬ್ಯಾರೆ ತಮ್ಮಾ, ಕೇಳೂದು ಬ್ಯಾರೆ.”

‘ಅಂಜುಮಲ್ಲಿಗೆ’ ಅವಳಿಗೆ ಹಿಡಿಸಲಿಲ್ಲ. ‘ನಾಗಮಂಡಲ’ದಲ್ಲಿ ಅಪ್ಪಣ್ಣ ಹೆಂಡತಿಯನ್ನು ಒಳಗೆ ಬಿಟ್ಟು ಬೀಗ ಹಾಕಿ ಹೋಗುವ ಭಾಗವನ್ನು ಎರಡು ಸಲ ಓದಿಸಿದಳು. ಎರಡು ಸಲವೂ ಏನೂ ಅನ್ನಲಿಲ್ಲ.

ಬುಧವಾರ ಮಾತ್ರ ಅವಳ ಪ್ರಶ್ನೆ ಕೇಳಿ ನನಗೆ ಎದೆ ಧಸಕ್ಕೆಂದಿತು. ನಾಟಕದ ಕೊನೆಯಲ್ಲಿ ಇಂದ್ರ ವರ ಕೊಡಲು ನಿಂತಿದ್ದಾನೆ. ಅರವಸು ಬೇಡಿದರೆ ಅವನು ಪ್ರೀತಿಸಿದ, ಈಗ ಸತ್ತಿರುವ ನಿತ್ತಿಲೆ ಎದ್ದು ಬರಬಹುದು. ಬ್ರಹ್ಮರಾಕ್ಷಸ ತನಗೆ ಬಿಡುಗಡೆ ಬೇಕು ಅಂತ ಅಂಗಲಾಚುತ್ತಾನೆ. ಅರವಸು ಅವನ ಬಿಡುಗಡೆಯನ್ನೇ ಬೇಡುತ್ತಾನೆ. ಮಳೆ ಬರುತ್ತದೆ. ನಿತ್ತಿಲೆ ಇದ್ದಿದ್ದರೂ ಅದನ್ನೇ ಬಯಸುತ್ತಿದ್ದಳೇನೋ. ಎಂಥಾ ಕರುಣೆಯ ಹುಡುಗಿ ಅವಳು. ಆದರೂ ಅವಳು ಹೆಣವಾಗಿ ಬಿದ್ದಿದ್ದಾಳೆ, ತೀರ್ಮಾನ ಅವಳ ತಲೆಯ ಮೇಲೆ ನಡೆಯುತ್ತಿದೆ.

ಅದೇ ಸಂಜೆ ನಾನೂ ಅಣ್ಣನೂ ಫೋನಿನಲ್ಲಿ ಮನೆ ಮಾರುವ ಮಾತು ಮುಗಿಸಿದ್ದೆವು. ಅವ್ವ ಅಣ್ಣನ ಹತ್ತಿರ ಬೆಂಗಳೂರಿಗೆ ಹೋಗುವುದು. ಮನೆ ನೋಡಲು ಭಾನುವಾರ ಒಬ್ಬರು ಬರುವುದು. ಅವ್ವ ಅಲ್ಲೇ ಎರಡು ಮಾರು ದೂರದಲ್ಲಿ ಕೂತು ಬಳ್ಳೊಳ್ಳಿ ಬಿಡಿಸುತ್ತಿದ್ದಳು. ಒಂದೊಂದೇ ಎಸಳು ತಟ್ಟೆಗೆ ಬೀಳುವ ಸದ್ದು ಕೇಳುತ್ತಿತ್ತು. ನಾನು “ಆಯ್ತಣ್ಣ” ಅಂದಿದ್ದೆ. ಅವಳಿಗೂ ಮೊಮ್ಮಕ್ಕಳ ಜೊತೆ ಇರೋದು ಬೇಕೇ ಇರುತ್ತೆ, ಅಂದುಕೊಂಡಿದ್ದೆ.

ಬೇಕಾಗೂದು ಬ್ಯಾರೆ, ಕೇಳೂದು ಬ್ಯಾರೆ. ರಾತ್ರಿಯಿಡೀ ಅದೇ ಕಿವಿಯಲ್ಲಿತ್ತು. ಅವ್ವ ಯಾರ ಬಗ್ಗೆ ಕೇಳಿದಳು? ನಿತ್ತಿಲೆಯ ಬಗ್ಗೆಯೇ ಇರಬಹುದು. ಇಷ್ಟು ವರ್ಷ ಈ ಮನೆಯಲ್ಲಿ ಆಕಳು ಕೊಂಡಾಗ, ಹಿತ್ತಲು ಮಾರಿದಾಗ, ಅಪ್ಪ ನೌಕರಿ ಬಿಟ್ಟಾಗ ಅವಳನ್ನು ಯಾರಾದರೂ ಕೇಳಿದ್ದು ನೆನಪಿಗೆ ಬರಲಿಲ್ಲ. ಅಡುಗೆ ಏನು ಮಾಡಲಿ ಅಂತ ಅವಳೇ ನಮ್ಮನ್ನು ದಿನಾ ಕೇಳುತ್ತಿದ್ದಳು.

ಗುರುವಾರ ಬೆಳಿಗ್ಗೆ ಕಣ್ಣಿಗೆ ಹನಿ ಹಾಕಿದೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರಬೇಕು.

“ಅವ್ವಾ, ನಿನಗ ಬೆಂಗಳೂರಿಗೆ ಹೋಗೂ ಮನಸ್ಸದ ಏನು?”

ಕಣ್ಣು ತೆರೆಯಲಿಲ್ಲ. ಕೆನ್ನೆಗಿಳಿದ ಹನಿಯನ್ನು ಸೆರಗಿನ ತುದಿಯಿಂದ ಒತ್ತಿಕೊಂಡಳು.

“ಭಾನುವಾರ ಅವರಿಗೆ ಬರಬ್ಯಾಡ್ರಿ ಅಂತ ಹೇಳು.”

ಅಣ್ಣನಿಗೆ ಇನ್ನೂ ಹೇಳಿಲ್ಲ. ಇವತ್ತು ರಾತ್ರಿ ಫೋನ್ ಮಾಡುತ್ತೇನೆ, ಓದು ಶುರು ಮಾಡುವ ಮೊದಲೇ. ಮುಂದಿನದು ಟಿಪ್ಪುವಿನ ನಾಟಕ.