ಎಂಟು ಮೀಟರ್ ಆಚೆಯ ಆಂಪ್

ಹಾಡಿನ ಮಧ್ಯದಲ್ಲೇ ರಿದಮ್ ಪ್ಯಾಡಿನ ಅಣ್ಣ ನನ್ನ ಕಡೆ ತಿರುಗಿ, ಗಾಡಿ ತಳ್ಳುವವರ ಹಾಗೆ ಎಡಗೈ ಮುಂದಕ್ಕೆ ತಳ್ಳಿ ತೋರಿಸಿದರು. ತಾಳದಿಂದ ಹಿಂದೆ ಬೀಳುತ್ತಿದ್ದೀಯ, ಬೇಗ ಬಾ ಅಂತ. ಹನ್ನೊಂದು ವರ್ಷದಿಂದ ಅವರ ಪಕ್ಕ ನಿಂತು ಗಿಟಾರ್ ನುಡಿಸುತ್ತಿದ್ದೇನೆ. ಆ ಸನ್ನೆ ಯಾವತ್ತೂ ನನ್ನ ಪಾಲಿಗೆ ಬಂದಿರಲಿಲ್ಲ.

ತಿಪಟೂರು ಹತ್ತಿರದ ಊರು. ಗಣಪತಿ ಬಿಡುವ ಹಿಂದಿನ ರಾತ್ರಿ ನಮ್ಮ ಆರ್ಕೆಸ್ಟ್ರಾ. ಗಿಟಾರಿನ ಸದ್ದು ಬದಲಿಸುವ ಪೆಡಲುಗಳ ಪೆಟ್ಟಿಗೆ ಹೊರುವುದು ಬಿಟ್ಟು ಲ್ಯಾಪ್‌ಟಾಪಿಗೆ ಬಂದ ಮೇಲೆ ನನಗೆ ಅದೇ ಮೊದಲ ದೊಡ್ಡ ಸ್ಟೇಜು. ಗಿಟಾರಿನ ಕೇಬಲ್ ಸದ್ದನ್ನು ಲ್ಯಾಪ್‌ಟಾಪಿಗೆ ದಾಟಿಸುವ ಆಡಿಯೋ ಇಂಟರ್‌ಫೇಸಿಗೆ, ಅಲ್ಲಿಂದ ಲ್ಯಾಪ್‌ಟಾಪಿನಲ್ಲಿ ಸದ್ದು ರೂಪಿಸುವ ಸಾಫ್ಟ್‌ವೇರಾದ ಮೇನ್‌ಸ್ಟೇಜಿಗೆ, ಕೊನೆಗೆ ಸೌಂಡಿನವರ ಮಿಕ್ಸರಿಗೆ. ಮೇನ್‌ಸ್ಟೇಜಿನೊಳಗೇ ಆಂಪ್ ಡಿಸೈನರ್ ಅಂತ ಇದೆ, ಗಿಟಾರಿನ ಸದ್ದು ದೊಡ್ಡದು ಮಾಡುವ ಇಪ್ಪತ್ತಕ್ಕೂ ಹೆಚ್ಚು ಆಂಪ್‌ಗಳ ಮಾದರಿ ಅದರಲ್ಲಿ ಸಿಗುತ್ತವೆ. ನಾನು ಅದನ್ನು ಒಮ್ಮೆ ತೆರೆದು ನೋಡಿ ಮುಚ್ಚಿದ್ದೆ. ಅದರ ಬದಲು, ಮೇನ್‌ಸ್ಟೇಜಿನೊಳಗೆ ಸೇರಿಸುವ ಬೇರೆ ಕಂಪನಿಯ ಒಂದು ಆಂಪ್ ಪ್ಲಗಿನ್ ದುಡ್ಡು ಕೊಟ್ಟು ತಂದಿದ್ದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಹೆಡ್‌ಫೋನಿನಲ್ಲಿ ಅದನ್ನು ಕೇಳುತ್ತಿದ್ದರೆ, ವಾಲ್ವು ಕಾದ ಆಂಪನ್ನು ಪಕ್ಕದಲ್ಲೇ ಇಟ್ಟುಕೊಂಡ ಹಾಗಿತ್ತು. ತಂತಿಯನ್ನು ಮೆಲ್ಲಗೆ ಮುಟ್ಟಿದರೆ ತಿಳಿ ಸದ್ದು, ಒತ್ತಿ ಮೀಟಿದರೆ ಅಂಚಿನಲ್ಲಿ ಸಣ್ಣ ಗೊಗ್ಗರು. ಒಂದೊಂದು ಹಾಡಿಗೂ ಒಂದೊಂದು ಪ್ಯಾಚ್, ಅಂದರೆ ಉಳಿಸಿಟ್ಟ ಸದ್ದಿನ ಜೋಡಣೆ, ಮಾಡಿ, ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸದ್ದಿನ ತುಣುಕು; ದೊಡ್ಡದಾದಷ್ಟು ಲೆಕ್ಕಕ್ಕೆ ಸಮಯ ಹೆಚ್ಚು, ತಡವೂ ಹೆಚ್ಚು) 128ಕ್ಕೆ ಇಟ್ಟು, ಹದಿನೈದು ದಿನ ಪ್ರಾಕ್ಟೀಸ್ ಮಾಡಿದೆ. ಒಂದೇ ಒಂದು ಸಲ ತೊಡಕಾಗಲಿಲ್ಲ.

ಸ್ಟೇಜಿನಲ್ಲಿ ಮೂರನೇ ಹಾಡಿಗೆ ಪಟಪಟ ಶುರುವಾಯಿತು. ಎಣ್ಣೆಗೆ ನೀರು ಬಿದ್ದಂಥ ಸದ್ದು. ಸೌಂಡಿನ ಹುಡುಗ ಓಡಿ ಬಂದು, "ಅಣ್ಣಾ, ಕೇಬಲ್ ಹೋಗಿರ್ಬೇಕು, ಬದಲಾಯಿಸ್ಲಾ?" ಅಂದ. ಬದಲಾಯಿಸಿದ, ಸದ್ದು ಹೋಗಲಿಲ್ಲ. ಆಗ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟೆ, ಚುರ್ ಅಂತು. ಕಲರ್ ಲೈಟುಗಳ ಕಂಬ ನಿಂತಿದ್ದು ಅದರ ಬೆನ್ನಿಗೇ. ಒಂದು ಮಿತಿ ದಾಟಿ ಬಿಸಿಯಾದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಮನೆಯಲ್ಲಿ ಫ್ಯಾನಿನ ಕೆಳಗೆ ಸಲೀಸಾಗಿ ಮುಗಿಯುತ್ತಿದ್ದ ಲೆಕ್ಕ ಇಲ್ಲಿ ಹೊತ್ತಿಗೆ ಸರಿಯಾಗಿ ಮುಗಿಯುತ್ತಿರಲಿಲ್ಲ. ಮುಗಿಯದೆ ಉಳಿದ ಜಾಗಗಳೇ ಆ ಪಟಪಟ.

ನಿರೂಪಕರು ದಾನಿಗಳ ಹೆಸರು ಓದುವಷ್ಟರಲ್ಲಿ ಬಫರನ್ನು 512ಕ್ಕೆ ಏರಿಸಿದೆ. ಪಟಪಟ ನಿಂತಿತು. ಪ್ಯಾಡಿನ ಅಣ್ಣನ ಕೈಸನ್ನೆ ಬಂದಿದ್ದು ಅದರ ಮುಂದಿನ ಹಾಡಿನಲ್ಲಿ.

ಲೆಕ್ಕ ಇಷ್ಟೇ. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು, ಓಡುವಾಗ 128ರ ಬಫರ್ ಅಂದರೆ ಸುಮಾರು 3 ಮಿಲಿಸೆಕೆಂಡ್. 512 ಅಂದರೆ ಹನ್ನೊಂದೂವರೆಗಿಂತ ಒಂಚೂರು ಹೆಚ್ಚು. ಸದ್ದು ಒಳಗೆ ಬರುವಾಗ ಒಂದು ಸಲ, ಹೊರಗೆ ಹೋಗುವಾಗ ಇನ್ನೊಂದು ಸಲ ಕಾಯಬೇಕು. ಎರಡೂ ಸೇರಿ 23 ದಾಟಿತು. ಗಾಳಿಯಲ್ಲಿ ಸದ್ದು ಒಂದು ಮೀಟರ್ ಹೋಗುವುದಕ್ಕೆ ಸುಮಾರು 3 ಮಿಲಿಸೆಕೆಂಡ್ ಹಿಡಿಯುತ್ತದೆ. ಅಲ್ಲಿಗೆ ನನ್ನ ಆಂಪನ್ನು ಎಂಟು ಮೀಟರ್ ದೂರದಲ್ಲಿ, ಪೆಂಡಾಲಿನ ಮೊದಲ ಸಾಲಿನ ಕುರ್ಚಿಗಳ ಹತ್ತಿರ ಇಟ್ಟು ನುಡಿಸಿದ ಹಾಗೆ ಆಯಿತು. ಕಿವಿಗೆ ಅದು ತಡ ಅಂತ ಅನಿಸುವುದಿಲ್ಲ. ಕೈಗೆ ಗೊತ್ತಾಗುತ್ತದೆ: ತಂತಿ ಮೆತ್ತಗಾದಂತೆ, ಬೆರಳಿಗೂ ಸದ್ದಿಗೂ ನಡುವೆ ಯಾರೋ ನಿಂತಂತೆ. ಕಾಯುತ್ತಾ ಕಾಯುತ್ತಾ ಕೈ ತಾನೂ ನಿಧಾನವಾಗುತ್ತದೆ. ಆ ಒದ್ದಾಟದಲ್ಲಿ ಎರಡು ಹಾಡು ಕಳೆದವು. ಹಾಡುವ ಹುಡುಗಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಮಹಾಮಂಗಳಾರತಿಗೆಂದು ಇಪ್ಪತ್ತು ನಿಮಿಷ ಬಿಡುವು ಸಿಕ್ಕಿತು. ಲ್ಯಾಪ್‌ಟಾಪನ್ನು ಕೀಬೋರ್ಡ್ ಸ್ಟ್ಯಾಂಡಿನ ಮರೆಗೆ ತಂದೆ. ಪ್ಲಗಿನ್ನಿನ ಪ್ಯಾಚುಗಳನ್ನೆಲ್ಲ ಬದಿಗಿಟ್ಟು ಆಂಪ್ ಡಿಸೈನರಿನಲ್ಲೇ ನಾಲ್ಕು ಹೊಸದಾಗಿ ಕಟ್ಟಿದೆ: ಕ್ಲೀನ್ (ತಿಳಿ ಸದ್ದು), ಕೋರಸ್ ಹಾಕಿದ ಕ್ಲೀನ್, ಕ್ರಂಚ್ (ಸ್ವಲ್ಪ ಗೊಗ್ಗರು), ಲೀಡ್ (ಒಂಟಿಯಾಗಿ ನುಡಿಸುವಾಗಿನ ಸದ್ದು). ಸದ್ದನ್ನು ಗೊಗ್ಗರಾಗಿಸುವ ಗೇನ್ ಮನೆಯಲ್ಲಿ ಇಡುತ್ತಿದ್ದುದರ ಅರ್ಧ. ಮಿಡ್, ಅಂದರೆ ನಡುವಿನ ಸ್ವರಾಂಶ, ಏರಿಸಿದೆ. ತೆರೆಯಲ್ಲಿ ಕಾಣುವ ಸ್ಪೀಕರ್ ಪೆಟ್ಟಿಗೆಯ ಚಿತ್ರದ ಮೇಲೆ ಮೈಕನ್ನು ನಡುವಿನಿಂದ ಅಂಚಿಗೆ ಎಳೆದೆ, ಚುಚ್ಚುವ ಹೈ ಕಡಿಮೆಯಾಯಿತು. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆ. ಆ ಜಾಗ ಬೇಸ್ ಗಿಟಾರಿನವರದ್ದು, ಡೋಲಿನವರದ್ದು. ಬಫರ್ ವಾಪಸ್ 128. ಮೇನ್‌ಸ್ಟೇಜಿನ ಮೇಲುಗಡೆ ಸಿಪಿಯು ತೋರಿಸುವ ಪಟ್ಟಿ ಅರ್ಧಕ್ಕೂ ಬರಲಿಲ್ಲ.

ಬಿಡುವಾದ ಮೇಲಿನ ಮೊದಲ ಹಾಡಿನ ಮೊದಲ ಸ್ಟ್ರೋಕಿಗೇ ಕೈಗೆ ಜೀವ ಬಂತು. ಲೀಡ್ ಸದ್ದು ಪ್ಲಗಿನ್ನಿಗಿಂತ ತೆಳ್ಳಗಿತ್ತು, ನಿಜ. ಆದರೆ ಆ ಮೈದಾನದಲ್ಲಿ, ಡೋಲು, ಕೀಬೋರ್ಡಿನ ಬ್ರಾಸ್, ಹಿಂದಿನ ಜನರೇಟರಿನ ಗುಡುಗುಡು ಎಲ್ಲದರ ನಡುವೆ ನನ್ನ ಗಿಟಾರ್ ಸಂಜೆಗಿಂತ ಚೆನ್ನಾಗಿ ಎದ್ದು ಕೇಳಿಸಿತು. ಹೆಡ್‌ಫೋನಿನಲ್ಲಿ ನಾನು ಮೆಚ್ಚಿಕೊಂಡಿದ್ದ ಆ ದಪ್ಪ ಕೆಳಸ್ವರ ದೊಡ್ಡ ಸ್ಪೀಕರುಗಳಲ್ಲಿ ಬರೀ ಗುಂಯ್ ಅನ್ನುತ್ತಿತ್ತು. ಸೌಂಡಿನ ಹುಡುಗ ಅದನ್ನು ಮಿಕ್ಸರಿನಲ್ಲಿ ಮೊದಲೇ ತೆಗೆದುಹಾಕಿದ್ದನಂತೆ. ಕಾರ್ಯಕ್ರಮ ಮುಗಿದ ಮೇಲೆ ಹೇಳಿದ.

ಪ್ಲಗಿನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಅದು ಭಾರ ಆಗುವುದಕ್ಕೂ ಕಾರಣ ಇದೆ. ಡಿಸ್ಟಾರ್ಷನ್ ಹುಟ್ಟಿಸುವ ಮೇಲಿನ ಸ್ವರಾಂಶಗಳು ಮಿತಿ ಮೀರಿ, ಮಡಚಿಕೊಂಡು ಅಪಸ್ವರವಾಗಿ ಕೆಳಗೆ ಬರಬಾರದೆಂದು ಅದು ಒಳಗೇ ನಾಲ್ಕು ಪಟ್ಟು, ಎಂಟು ಪಟ್ಟು ವೇಗದಲ್ಲಿ ಲೆಕ್ಕ ಮಾಡುತ್ತದೆ. ಇದಕ್ಕೆ ಓವರ್‌ಸ್ಯಾಂಪ್ಲಿಂಗ್ ಅನ್ನುತ್ತಾರೆ. ರೆಕಾರ್ಡಿಂಗಿಗೆ ಆ ಶ್ರಮ ಸಾರ್ಥಕ, ಈಗಲೂ ರೆಕಾರ್ಡಿಂಗಿಗೆ ನಾನು ತೆರೆಯುವುದು ಅದನ್ನೇ.

ಆಮೇಲೆ ಬಂದ ಅರಸೀಕೆರೆ ಕಾರ್ಯಕ್ರಮದ ಹಿಂದಿನ ಭಾನುವಾರ, ಮಧ್ಯಾಹ್ನ ಎರಡು ಗಂಟೆಗೆ, ಲ್ಯಾಪ್‌ಟಾಪನ್ನು ಟೆರೇಸಿನ ಸಿಮೆಂಟ್ ಶೀಟಿನ ಕೆಳಗೆ ಒಯ್ದೆ. ಅಲ್ಲಿ ಆಂಪ್ ಡಿಸೈನರ್ ಹಾಕಿ ಎರಡು ಗಂಟೆ ನುಡಿಸಿದೆ, ಒಂದು ಸಲವೂ ಪಟಪಟ ಇಲ್ಲ. ಪ್ಲಗಿನ್ ಇಪ್ಪತ್ತನೇ ನಿಮಿಷಕ್ಕೇ ಪಟಪಟ ಅಂದಿತು. ಓವರ್‌ಸ್ಯಾಂಪ್ಲಿಂಗ್ ತೆಗೆದು, ಅದರೊಳಗಿನ ರಿವರ್ಬ್ ತೆಗೆದು, ಬಫರ್ 256 ಮಾಡಿದಾಗ ತಡೆದುಕೊಂಡಿತು. ಹಾಗಾಗಿ ಅರಸೀಕೆರೆಯಲ್ಲಿ ಬಫರ್ 256ಕ್ಕೇ ಇಟ್ಟೆ, ಆ ತಡ ನನ್ನ ಕೈ ಸಹಿಸಿಕೊಳ್ಳುತ್ತದೆ. ಪ್ಲಗಿನ್ ಒಂದೇ ಹಾಡಿಗೆ ಉಳಿಯಿತು: ಮೊದಲ ಎರಡು ಸಾಲು ತಾಳವಿಲ್ಲದೆ, ಗಾಯಕಿಯ ದನಿ ಮತ್ತು ಗಿಟಾರ್ ಎರಡೇ ಹೋಗುವ ಹಾಡಿಗೆ. ಅಲ್ಲಿ ಪ್ಯಾಡಿನ ಅಣ್ಣ ಕೈಕಟ್ಟಿ ಕೂತು ಕೇಳುತ್ತಿರುತ್ತಾರೆ.