ಒಸಾಕಾದಲ್ಲಿ ತಾರೋ ಹಕಾಸೆ ಪಿಟೀಲು: ಮೊದಲು ಕಛೇರಿ ಟಿಕೆಟ್, ಆಮೇಲೆ ವಿಮಾನ

ಜಪಾನಿಗೆ ಹೋಗಿ ತಾರೋ ಹಕಾಸೆ ಅವರ ಪಿಟೀಲು ಕೇಳಬೇಕು ಅಂತ ಆಸೆ ಇದ್ದರೆ, ದಯವಿಟ್ಟು ವಿಮಾನದ ಟಿಕೆಟ್ ಮೊದಲು ತೆಗೆಯಬೇಡಿ. ಮೊದಲ ಸಲ ನಾವು ಹಾಗೆ ಮಾಡಿ, ದೇವಸ್ಥಾನ, ಕೋಟೆ ಎಲ್ಲ ನೋಡಿ, ಕಛೇರಿ ಮಾತ್ರ ಕೇಳದೆ ವಾಪಸ್ ಬಂದೆವು. ಎರಡನೇ ಸಲ ಕಛೇರಿಯ ಟಿಕೆಟ್ ಸಿಕ್ಕ ಮೇಲೆ ರಜೆ ಹಾಕಿದೆವು.

ಹಕಾಸೆ 1968ರಲ್ಲಿ ಒಸಾಕಾ ಪ್ರಾಂತ್ಯದಲ್ಲೇ ಹುಟ್ಟಿದವರು. ಟೋಕಿಯೋದಲ್ಲಿ ಶಾಸ್ತ್ರೀಯ ಪಿಟೀಲು ಕಲಿತು, 1990ರಲ್ಲಿ ತಮ್ಮದೇ ತಂಡದ ಜೊತೆ ಪಾಪ್, ರಾಕ್ ಕಡೆಗೆ ಹೊರಳಿದರು. ಸೆಲೀನ್ ಡಿಯಾನ್ ಅವರ 1995ರ ‘ಟು ಲವ್ ಯು ಮೋರ್’ ಹಾಡಿನಲ್ಲಿ ಕೇಳುವ ಪಿಟೀಲು ಇವರದ್ದೇ. ಸಾಮಾನ್ಯವಾಗಿ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಊರೂರು ಸುತ್ತಿ ನುಡಿಸುತ್ತಾರೆ. ಹಾಗಾಗಿ ಬೇಸಿಗೆ ರಜೆಗೆ ಹೋಗುವವರಿಗೆ ಕಷ್ಟ.

ಟಿಕೆಟ್‌ದೇ ದೊಡ್ಡ ಕೆಲಸ. ಅಲ್ಲಿ ಜನಪ್ರಿಯ ಕಛೇರಿಗಳಿಗೆ ಮೊದಲು ಲಾಟರಿ ನಡೆಯುತ್ತದೆ. ಹೆಸರು ಕೊಟ್ಟು ಕಾಯಬೇಕು, ಉಳಿದದ್ದು ಮಾತ್ರ ಆಮೇಲೆ ಎಲ್ಲರಿಗೂ ಮಾರಾಟ. ಪಿಯಾ, ಇ-ಪ್ಲಸ್, ಲಾಸನ್ ಟಿಕೆಟ್‌ನಂಥ ತಾಣಗಳಲ್ಲಿ ಖಾತೆ ತೆರೆಯಲು ಹೆಚ್ಚಾಗಿ ಜಪಾನಿನ ಮೊಬೈಲ್ ನಂಬರ್ ಬೇಕು. ನಮಗೆ ಅಲ್ಲಿ ಕೆಲಸದಲ್ಲಿರುವ ಸಂಬಂಧಿಕರೊಬ್ಬರು ತೆಗೆದುಕೊಟ್ಟರು. ನಿಮಗೂ ಪರಿಚಯದವರಿದ್ದರೆ ನಾಲ್ಕೈದು ತಿಂಗಳು ಮೊದಲೇ ಕೇಳಿಕೊಳ್ಳಿ. ಸುಮ್ನೆ ಬ್ಲ್ಯಾಕಿನಲ್ಲಿ ಕೊಳ್ಳಲು ಹೋಗಬೇಡಿ. ಮುಖಬೆಲೆಗಿಂತ ಜಾಸ್ತಿಗೆ ಟಿಕೆಟ್ ಮರುಮಾರಾಟ ಮಾಡುವುದನ್ನು ತಡೆಯಲು 2019ರಿಂದ ಅಲ್ಲಿ ಕಾನೂನೇ ಇದೆ. ಕಾಗದದ ಟಿಕೆಟ್ ಆದರೆ ಬೀದಿಬದಿಯ ಕನ್ವೀನಿಯನ್ಸ್ ಅಂಗಡಿಯಲ್ಲಿ ನಂಬರ್ ತೋರಿಸಿ ಪಡೆಯಬಹುದು. ಪುಟ್ಟ ಮಕ್ಕಳಿದ್ದರೆ ಮೊದಲೇ ವಿಚಾರಿಸಿ. ಶಾಲೆಗೆ ಸೇರದ ಮಕ್ಕಳನ್ನು ಇಂಥ ಕಛೇರಿಗಳಿಗೆ ಹೆಚ್ಚಾಗಿ ಬಿಡುವುದಿಲ್ಲ.

ನಾವು ಹೋಗಿದ್ದು ನಾಕಾನೊಶಿಮಾದ ಫೆಸ್ಟಿವಲ್ ಹಾಲ್‌ಗೆ. ಎರಡು ಹೊಳೆಗಳ ನಡುವಿನ ದ್ವೀಪ ಅದು. 1958ರ ಹಳೆಯ ಸಭಾಂಗಣ ಕೆಡವಿ 2013ರಲ್ಲಿ ಹೊಸದು ತೆರೆದಿದ್ದಾರೆ. ಸುಮಾರು 2,700 ಆಸನ. ಯೊತ್ಸುಬಾಶಿ ಮೆಟ್ರೋದ ಹಿಗೊಬಾಶಿ ನಿಲ್ದಾಣದಿಂದ ಹತ್ತಿರ. ಟಿಕೆಟ್‌ನಲ್ಲಿ ಎರಡು ಸಮಯ ಇರುತ್ತದೆ. ಮೊದಲನೆಯದು ಬಾಗಿಲು ತೆರೆಯುವುದು, ಎರಡನೆಯದು ಶುರುವಾಗುವುದು. ಮೊದಲನೆಯದಕ್ಕೇ ಹೋಗಿ. ಕೆಂಪು ಕಾರ್ಪೆಟ್‌ನ ಆ ದೊಡ್ಡ ಮೆಟ್ಟಿಲನ್ನು ಓಡಿ ಹತ್ತಬಾರದು, ನಿಧಾನವಾಗಿ ನೋಡುತ್ತಾ ಹತ್ತಬೇಕು.

ಬಾಗಿಲಲ್ಲಿ ಮಾರುವ ಬಣ್ಣದ ಬೀಸಣಿಗೆಯನ್ನು ಮರೆಯದೆ ಕೊಳ್ಳಿ. ಅದಕ್ಕೆ ಹಕಾಸೆನ್ಸು ಅಂತ ಹೆಸರು. ಅವರ ಹೆಸರಿಗೆ, ಬೀಸಣಿಗೆ ಅನ್ನುವ ಅರ್ಥದ ‘ಸೆನ್ಸು’ ಸೇರಿಸಿದ್ದಾರೆ. ಮೊದಲರ್ಧ ಜನ ಕೆಮ್ಮಲೂ ಇಲ್ಲ. ನನಗೆ ಸ್ವಲ್ಪ ನಿರಾಸೆಯೇ ಆಯಿತು. ನಮ್ಮಲ್ಲಾದರೆ ತಾಳ ಹಾಕುತ್ತಾರೆ, ತಲೆದೂಗುತ್ತಾರೆ, ‘ಭೇಷ್’ ಅನ್ನುತ್ತಾರೆ, ಅಲ್ವಾ? ಆದರೆ ಕೊನೆಗೆ ‘ಜೊನೆತ್ಸು ತೈರಿಕು’ ಟಿವಿ ಕಾರ್ಯಕ್ರಮದ ಸಂಗೀತ ಎತ್ತಿಕೊಂಡಾಗ ಇಡೀ ಸಭಾಂಗಣ ಎದ್ದು ನಿಂತಿತು. ಸಾವಿರಾರು ಬೀಸಣಿಗೆಗಳು ಲಯಕ್ಕೆ ಸರಿಯಾಗಿ ಆಡಿದವು. ಪಕ್ಕದ ಅಜ್ಜಿಯೊಬ್ಬರು ನನ್ನ ಮಗಳ ಕೈ ಹಿಡಿದು ಬೀಸುವುದನ್ನು ಹೇಳಿಕೊಟ್ಟರು. ಮಗಳು ಕೆಳಗೆ ಕೂತು, ಪಿಟೀಲಿನ ತುದಿಯನ್ನು ಪಾದಕ್ಕೆ ಆನಿಸಿ ಕಲಿಯುತ್ತಿರುವವಳು. ಹೀಗೆ ವೇದಿಕೆ ತುಂಬ ಓಡಾಡಿ ನುಡಿಸಬಹುದು ಅಂತ ಕಣ್ಣಾರೆ ನೋಡಿದ್ದು ಅವತ್ತೇ.

ಫೋಟೋ, ವಿಡಿಯೋ ಬಗ್ಗೆ ಸಿಬ್ಬಂದಿ ಹೇಳಿದ ಹಾಗೆ ನಡೆದುಕೊಳ್ಳಿ. ಫೋನ್ ಪೂರ್ತಿ ಆಫ್ ಮಾಡಿ.

ಸಸ್ಯಾಹಾರಿಗಳು ಹೊಟ್ಟೆ ತುಂಬಿಸಿಕೊಂಡೇ ಹೋಗಿ. ಉಡಾನ್ ನೂಡಲ್ಸ್‌ನಲ್ಲಿ ಬರೀ ಸೊಪ್ಪು ಕಂಡರೂ ಸಾರು ಹೆಚ್ಚಾಗಿ ಒಣಮೀನಿನದ್ದು. ನಾವು ಹೋಟೆಲ್ ರೂಮಿನಲ್ಲಿ ಮೊಸರನ್ನ ಕಲಸಿಕೊಂಡು ತಿಂದು ಹೊರಟಿದ್ದೆವು. ಮುಗಿದಾಗ ರಾತ್ರಿ ಒಂಬತ್ತು ದಾಟಿತ್ತು. ಮೆಟ್ರೋ ಹತ್ತುವ ಮುಂಚೆ ಐದು ನಿಮಿಷ ಹೊಳೆಯ ಸೇತುವೆ ಮೇಲೆ ನಿಂತೆವು. ಅಲ್ಲೂ ಕೆಲವರ ಕೈಯಲ್ಲಿ ಬೀಸಣಿಗೆ ಬಿಚ್ಚಿದ ಹಾಗೇ ಇತ್ತು.